ಭಾವನ ಚೀಲ ಎತ್ತಿಟ್ಟವನಿಗೆ

ಸಣ್ಣಸ್ವಾಮಿ,

ಈ ಕಾಗದ ನೀನಿರೋ ಸಂಪಾಜೆಗೆ ಬರೋದಿಲ್ಲ. ನಿನಗೆ ಸ್ಟಾಂಪು ಬೇರೆ ಕೇಡು.

ನಿನ್ನ ಭಾವನಿಗೆ ಇವತ್ತು ಜ್ವರ ಬಿಟ್ಟಿತು. ಗಡಗಡ ನಡುಗಿದ ಮನುಷ್ಯ ಉಳಿಯೋದೇ ಅನುಮಾನವಾಗಿತ್ತು, ನಿನ್ನಿಂದ. ಅವರಿಗೆ ನಳಿಗೆ ಹಾಕಿ ಕಟ್ಟಿರೋ ಮೂತ್ರದ ಚೀಲ ಸೊಂಟಕ್ಕಿಂತ ಕೆಳಗೇ ಇರಬೇಕು, ಇಲ್ಲವಾದರೆ ಕೊಳೆ ವಾಪಸ್ ಒಳಗೆ ಹೋಗುತ್ತೆ ಅಂತ ಡಾಕ್ಟರು ಹೇಳುವಾಗ ನೀನೂ ಅಲ್ಲೇ ನಿಂತಿದ್ದೆ. ಆದರೂ ಬೀಗರು ನೋಡೋಕೆ ಬಂದರು ಅಂತ ಚೀಲವನ್ನು ಹಾಸಿಗೆ ಮೇಲೆತ್ತಿಟ್ಟು ಕಂಬಳಿ ಹೊದಿಸಿದೆ. ಸಂಜೆಗೆ ಜ್ವರ ಏರಿತು. ಕೇಳಿದ್ದಕ್ಕೆ, “ಉಚ್ಚೆ ಚೀಲಾನ ಊರಿಗೆಲ್ಲ ತೋರಿಸಬೇಕೇನಕ್ಕಾ?” ಅಂತ ನನ್ನನ್ನೇ ಆಡಿಕೊಂಡೆ. ಊಟಕ್ಕೆ ಕೂತ ನಿನ್ನನ್ನು ನಾನು ಎಬ್ಬಿಸಿ ಕಳಿಸಿದ್ದು ಸರಿಯಾಗೇ ಇತ್ತು.

ಇವತ್ತು ಗಂಜಿ ಕುಡಿದು ನಿನ್ನ ಭಾವ ಅಂದರು: “ಅವನಿಗ್ಯಾಕೆ ಬೈತೀಯೆ? ಬೀಗರ ಮುಂದೆ ನಾಚಿಕೆಯಾಗಿ, ಮುಚ್ಚು ಅಂತ ಕಣ್ಸನ್ನೆ ಮಾಡಿದ್ದು ನಾನೇ.”

ಅವರಿಗೂ ಸರಿಯಾಗಿ ಬೈದೆ. ಆಮೇಲೆ ನನ್ನ ಹಳೇ ಸೀರೆ ಹರಿದು ಚೀಲಕ್ಕೊಂದು ಗೌಸು ಹೊಲಿದೆ. ಈಗ ಅದು ನೆಲಕ್ಕೆ ತಾಗದ ಹಾಗೆ ಮಂಚದ ಕೆಳಗೇ ನೇತಾಡುತ್ತೆ, ಯಾರಿಗೂ ಕಾಣೋದಿಲ್ಲ.

ನೀನಂತೂ ಈ ಕಡೆ ಬರಬೇಡ. ಬಂದರೆ ಮೊದಲು ಸೋಪು ಹಚ್ಚಿ ಕೈ ತೊಳಿ, ಚೀಲ ಮುಟ್ಟಬೇಡ, ಬಂದು ಊಟಕ್ಕೆ ಕೂರು.

ನಿನ್ನ ಅಕ್ಕ