ಮುಖಗಳ ಹಿಂದಿನ ಬೀದಿ

ಬೆಂಗಳೂರು, ೨೧೯೧ನೇ ಇಸವಿ, ಹದಿಮೂರನೆಯ ತಿಂಗಳ ಒಂಬತ್ತು. ಸಂಜೆ ಆರು ಗಂಟೆ. ಇಂದು ಎರಡು ಸಾವಿರದ ಮುನ್ನೂರು ಹಳೆಯ ಚಿತ್ರ ನೋಡಿದೆ. ಕೆಲಸಕ್ಕೆ ಬಂದದ್ದು ಒಂದು.

ನೂರೆಪ್ಪತ್ತು ವರ್ಷ ಹಿಂದಿನ ಬೆಂಗಳೂರಿನವರೇ, ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಹದಿಮೂರನೆಯ ತಿಂಗಳೆಂದರೆ ನಿಮ್ಮ ಅಧಿಕಮಾಸವಲ್ಲ. ಬಿಸಿಲಿಗೆ ಶಾಲೆ, ಸಂತೆ ಎಲ್ಲ ಮುಚ್ಚುವ ದಿನಗಳನ್ನು ಒಟ್ಟು ಸೇರಿಸಿ ನಾವು ಮಾಡಿಕೊಂಡದ್ದು. ನಾನು ಪುಟ್ಟಲಿಂಗಮ್ಮ, ಎಂಟನೆಯ ತರಗತಿವರೆಗೆ ಓದಿದವಳು. ಹಿಂಬದಿ ಕಚೇರಿಯಲ್ಲಿ ಕೆಲಸ. ನೀವು ಬಿಟ್ಟುಹೋದ ಚಿತ್ರಗಳಲ್ಲಿ ನಿಮ್ಮ ಮುಖದ ಹಿಂದೆ ಊರೇನಾದರೂ ಕಾಣುತ್ತದೆಯೇ ಎಂದು ಹುಡುಕಿ ಬರೆದಿಡುವುದೇ ಆ ಕೆಲಸ.

ನಿಮ್ಮಷ್ಟು ಚಿತ್ರ ತೆಗೆದವರು ಯಾರೂ ಇಲ್ಲ, ನಿಮ್ಮಷ್ಟು ಕುರುಡರೂ ಇಲ್ಲ. ಮುಖ, ತುಟಿ ಉಬ್ಬಿಸಿದ ಮುಖ, ಮತ್ತೆ ಅದೇ ಮುಖ. ಒಬ್ಬನ ಫೋನಿನಲ್ಲಿ ಆರಿಹೋಗುತ್ತಿದ್ದ ಒಂದೇ ಮಸಾಲೆ ದೋಸೆಯ ಹನ್ನೊಂದು ಚಿತ್ರಗಳಿದ್ದವು. ಅದನ್ನು ಹುಯ್ದವನದು ಒಂದೂ ಇಲ್ಲ. ಸೊಪ್ಪಿನ ಕಟ್ಟಿಗೆ ನೀರು ಚಿಮುಕಿಸುವವಳು, ಬಸ್ಸಿಗೆ ಕಾದು ತೂಕಡಿಸುವವನು, ಇವರು ನಿಮಗೆ ಚಿತ್ರ ಕೆಡಿಸುವವರು. ಅವರನ್ನು ಮಸುಕು ಮಾಡುವ ಗುಂಡಿಯನ್ನು ಹೆಚ್ಚು ದುಡ್ಡು ಕೊಟ್ಟು ಕೊಂಡಿರಿ.

"ಅಕ್ಕಾ, ಇವತ್ತೂ ಬರೀ ಮೂತಿನೇ ಕಣಕ್ಕ. ಊರು ಎಲ್ಲಿಗೆ ಹೋಗಿತ್ತೋ!" ಎಂದಳು ಪಕ್ಕದ ಮೇಜಿನ ಹೊನ್ನೂರಿ.

"ಮೂತಿ ಹಿಂದೆ ಅವಿತ್ಕೊಂಡಿತ್ತು ಕಣೆ" ಎಂದೆ.

ಇಂದು ಸಿಕ್ಕ ಆ ಒಂದು ಚಿತ್ರವೂ ಹೊಸ ಬೈಕಿನದಾಗಬೇಕಿತ್ತು. ತೆಗೆಯುವವನ ಕೈ ಜಾರಿ, ಫುಟ್‌ಪಾತಿನಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಮುದುಕಿ ಬಂದಿದ್ದಾಳೆ. ನಿಮ್ಮ ಕೈ ಜಾರಿದಾಗ ಮಾತ್ರ ನಮಗೆ ಊರು ಸಿಗುತ್ತದೆ.

ಹೀಗೆ ಬೈಯುವ ಹಕ್ಕು ನನಗಿದೆ ಎಂದುಕೊಂಡಿದ್ದೆ. ನಮ್ಮವರು, ನನ್ನ ಗಂಡ, ತೀರಿಕೊಂಡು ಹನ್ನೆರಡು ದಿನವಾಯಿತು. ಬೀದಿಯ ಮೂಲೆಯಲ್ಲಿ ಕೂತು ಬಿಸಿಲುಗೊಡೆ ಹೊಲಿಯುತ್ತಿದ್ದರು. ಎರಡು ಪದರದ ಈ ಕೊಡೆಯಿಲ್ಲದೆ ಈಗ ಯಾರೂ ಹೊರಗೆ ಕಾಲಿಡುವುದಿಲ್ಲ. ಹದಿಮೂರನೆಯ ದಿನ, ಸತ್ತವರು ತಮ್ಮ ಕೆಲಸದಲ್ಲಿರುವ ಚಿತ್ರವನ್ನು ಬೀದಿಗೋಡೆಗೆ ಅಂಟಿಸುವುದು ನಮ್ಮ ಪದ್ಧತಿ. ನಿಲ್ಲಿಸಿ ತೆಗೆದದ್ದನ್ನು ಗೋಡೆಯವರು ಒಪ್ಪುವುದಿಲ್ಲ. ಬಂದ ಚಿತ್ರವನ್ನು ಕತ್ತರಿಸುವಂತೆಯೂ ಇಲ್ಲ. ಚಿತ್ರವಿಲ್ಲದವರ ಜಾಗಕ್ಕೆ ಸುಣ್ಣ ಬಳಿಯುತ್ತಾರೆ.

ಮನೆಯಲ್ಲಿ ಅವರ ನಲವತ್ತೊಂದು ಚಿತ್ರಗಳಿವೆ. ಎಲ್ಲದರಲ್ಲೂ ಬಿಳಿ ಶರ್ಟು, ನೆಟ್ಟಗೆ ನಿಂತ ಮೈ, ಯಾರದೋ ಎಂಬಂತೆ ಜೋತುಬಿದ್ದ ಕೈ.

"ಕೂತಿರೋ ಹಾಗೇ ತೆಗಿಯೇ" ಎನ್ನುತ್ತಿದ್ದರು.

"ಥೂ, ಮೊದ್ಲು ಕೈ ತೊಳ್ಕೊಂಡು ಒಳ್ಳೇ ಶರ್ಟ್ ಹಾಕ್ಕೊಂಡ್ ಬನ್ನಿ" ಎನ್ನುತ್ತಿದ್ದವಳು ನಾನು. ಮೂವತ್ತು ವರ್ಷ ಕಚೇರಿಯಲ್ಲಿ ನಿಮ್ಮನ್ನು ಜರೆದು, ಮನೆಗೆ ಬಂದು ನಿಮ್ಮ ಕೆಲಸವನ್ನೇ ಮಾಡಿದೆ. ನಿಮ್ಮ ಮೇಲಿನ ತಿರಸ್ಕಾರ ಕಡಿಮೆಯಾಗಿಲ್ಲ. ಅದರಲ್ಲಿ ನನಗೂ ಪಾಲು ಬಂದಿದೆ, ಅಷ್ಟೆ.

ಒಂದು ವಾರ ಮನೆಮನೆಗೆ ಹೋಗಿ ಕೇಳಿದೆ. ಇಂದು ಮಧ್ಯಾಹ್ನ ಎದುರುಮನೆಯ ಜುಲೇಖಾಬಿ ತಮ್ಮದೇ ಒಂದು ಚಿತ್ರವನ್ನು ಕಚೇರಿಗೇ ತಂದರು. ಹೊಸ ಓಲೆ ಹಾಕಿಕೊಂಡು ಹಲ್ಲು ಬಿಟ್ಟು ನಗುತ್ತಿದ್ದಾರೆ. ಅವರ ಕಿವಿಯ ಪಕ್ಕದಲ್ಲಿ, ಮಸುಕಾಗಿ, ನಮ್ಮವರು: ಬಾಗಿದ ಬೆನ್ನು, ಹಲ್ಲಿನಲ್ಲಿ ಕಚ್ಚಿದ ದಾರ, ತೊಳೆಯದ ಕೈ.

"ನನ್ ಮೋರೆ ಅಡ್ಡ ಬಂದೈತಲ್ಲಮ್ಮಾ, ತಪ್ಪು ತಿಳ್ಕಬೇಡ."

"ಇರ್ಲಿ ಬಿಡಿ ಆಪಾ" ಎಂದೆ.

ನಿಮ್ಮನ್ನು ಕೇಳುವುದು ಇಷ್ಟೇ. ಮುಖವನ್ನು ಸ್ವಲ್ಪ ಬದಿಗೆ ಸರಿಸಿ. ಕೆಲಸದಲ್ಲಿ ಕೂತವರನ್ನು ಎಬ್ಬಿಸಿ ನಿಲ್ಲಿಸಬೇಡಿ. ನೀವು ಕೇಳುವವರಲ್ಲ ಎಂದು ಗೊತ್ತಿದೆ. ನಿಮ್ಮ ಚಿತ್ರಗಳನ್ನು ನೋಡಿದ್ದೇನೆ.

ನಾಳೆ ಬೆಳಿಗ್ಗೆ ಏಳಕ್ಕೆ ಗೋಡೆಯವರು ಅಂಟು ತರುತ್ತಾರೆ. ಜುಲೇಖಾಬಿಯ ಓಲೆಗಳೂ ಗೋಡೆಗೆ ಏರುತ್ತವೆ.