ಹೊಲ ಮೇಯುವ ಬೇಲಿ

ಅಡುಗೆಮನೆಯ ಕಿಟಕಿಯ ಬಳಿಯಿಂದ,
ಗುರುವಾರ ಮಧ್ಯಾಹ್ನ

ಮುದ್ದಿನ ಮೊಮ್ಮಗನಿಗೆ ಅಜ್ಜಿಯ ಆಶೀರ್ವಾದ.

ಹೇಗಿದ್ದೀಯಪ್ಪಾ? ಬಾಯಿಮಾತಿಗೆ ಕೇಳುತ್ತಿಲ್ಲ. ಜ್ವರ ಬಂದಿದೆಯೇ? ಅಂಗಿ ಬಿಚ್ಚಿ ಬೆನ್ನು, ಹೊಟ್ಟೆ ನೋಡಿಕೊಂಡೆಯಾ? ನಿನ್ನೆ ಫೋನಿನಲ್ಲಿ "ರೂಮಿನವನಿಗೆ ಸೀತಾಳೆ ಸಿಡುಬು ಅಜ್ಜೀ, ಮೈಯೆಲ್ಲ ಗುಳ್ಳೆ. ನಮಗೆಲ್ಲ ರಜೆ, ಶನಿವಾರ ಬರ್ತೀನಿ" ಎಂದು ಲಾಟರಿ ಹೊಡೆದವನ ಹಾಗೆ ನಕ್ಕೆಯಲ್ಲ, ಆಗಿನಿಂದ ನನಗೆ ತುತ್ತು ಇಳಿದಿಲ್ಲ. ಫೋನು ಕಿತ್ತುಕೊಂಡ ನಿನ್ನಮ್ಮನಿಗೆ ಕೇಳಿಸಿದ್ದು ರಜೆ, ಶನಿವಾರ ಎನ್ನುವ ಎರಡೇ ಮಾತು. ನಿನ್ನ ಹಾಸಿಗೆ ಬಿಸಿಲಿಗೆ ಹಾಕಿ, ಊದಿದ ಬೆರಳಲ್ಲೇ ದಿಂಬಿನ ಚೀಲ ಹೊಲಿಯುತ್ತಿದ್ದಾಳೆ. ಈ ಎರಡು ಕೋಣೆಯ ಮನೆಯಲ್ಲಿ ನಾನು ಸೀನಿದರೂ ಅವಳಿಗೆ ಕೇಳುತ್ತದೆ. ಫೋನ್ ಮಾಡುವ ಹಾಗಿಲ್ಲ, ಅದಕ್ಕೇ ಕಾಗದ. ನಿನ್ನ ಕಡೆಗೆ ಹೋಗುವ ಬ್ರೆಡ್ ವ್ಯಾನಿನವನ ಕೈಯಲ್ಲಿ ಕಳಿಸುತ್ತೇನೆ.

ನೀನು ಬರಬೇಡ.

ನಿನ್ನಮ್ಮನದು ಬರೀ ಕೀಲುನೋವು ಎಂದುಕೊಂಡಿದ್ದೀಯ. ಡಾಕ್ಟರಮ್ಮ ನನ್ನನ್ನು ಕೂರಿಸಿ ಹೇಳಿದರು. ಎಲ್ಲರ ಮೈಯಲ್ಲೂ ಕಾವಲುಗಾರರಿರುತ್ತಾರಂತೆ. ಹೊರಗಿನ ರೋಗ ನುಗ್ಗಿದರೆ ಹಿಡಿದು ಬಡಿಯುವುದು ಅವರ ಕೆಲಸ. ಒಮ್ಮೆ ಬಂದ ಕಳ್ಳನ ಮುಖ ಮರೆಯುವುದಿಲ್ಲ, ಮತ್ತೆ ಬಂದರೆ ಹೊಸಿಲಲ್ಲೇ ಕತ್ತು ಹಿಡಿಯುತ್ತಾರೆ. ನಿನ್ನಮ್ಮನ ಮೈಯಲ್ಲಿ ಆ ಪುಣ್ಯಾತ್ಮರಿಗೆ ಕಳ್ಳರು ಯಾರು, ಮನೆಯವರು ಯಾರು ತಿಳಿಯುತ್ತಿಲ್ಲ. ಅವಳ ಕೀಲು, ಕಿಡ್ನಿಗಳನ್ನೇ ಬಡಿಯುತ್ತಿದ್ದಾರೆ. "ಬೇಲೀನೇ ಎದ್ದು ಹೊಲ ಮೇಯ್ತಿದೆ ಅನ್ನಿ" ಎಂದೆ. "ಹೂಂ ಅಜ್ಜೀ, ಅದಕ್ಕೇ ಬೇಲಿ ತಗ್ಗಿಸೋ ಮಾತ್ರೆ ಕೊಟ್ಟಿದೀನಿ. ಆದ್ರೆ ತಗ್ಗಿದ ಬೇಲೀನ ಯಾವ ಮೇಕೆ ಬೇಕಾದ್ರೂ ಹಾರುತ್ತೆ, ಹುಷಾರು" ಎಂದರು.

ಆ ಮೇಕೆ ನೀನು, ಕಂದಾ. ನಿನ್ನಕ್ಕನಿಗೆ ಸೀತಾಳೆ ಎದ್ದಾಗ ನಿನ್ನನ್ನೂ ನಿನ್ನಮ್ಮನನ್ನೂ ದೊಡ್ಡಮ್ಮನ ಮನೆಗೆ ಅಟ್ಟಿ, ಅಕ್ಕನ ಆರೈಕೆ ನಾನೇ ಮಾಡಿದ್ದೆ. ಇಬ್ಬರೂ ಒಂದು ಗುಳ್ಳೆಯಿಲ್ಲದೆ ದುಂಡಗೆ ತಿರುಗಿ ಬಂದಿರಿ. ಹಾಗಾಗಿ ನಿಮ್ಮಿಬ್ಬರ ಕಾವಲುಗಾರರೂ ಆ ಕಳ್ಳನ ಮುಖ ಕಂಡವರಲ್ಲ. ಇವತ್ತು ಬೆಳಿಗ್ಗೆ ಮಾತ್ರೆ ತರುವ ನೆಪದಲ್ಲಿ ಹೋಗಿ ಡಾಕ್ಟರಮ್ಮನನ್ನು ಕೇಳಿದೆ. ಗುಳ್ಳೆ ಏಳುವ ಮುಂಚೆಯೇ ಅಂಟುತ್ತದಂತೆ. ನಿನಗಾದರೆ ತುರಿಕೆ, ಜ್ವರ; ಅವಳಿಗಾದರೆ ಶ್ವಾಸಕೋಶಕ್ಕೇ ಇಳಿಯಬಹುದಂತೆ. "ನಾನು ಹೇಳೋವರೆಗೂ ಮೊಮ್ಮಗ ಬರಕೂಡದು" ಎಂದರು. ಅವರ ಮುಖದಲ್ಲಿ ನಗು ಇರಲಿಲ್ಲ.

ಇದನ್ನು ಅವಳಿಗೇ ಹೇಳಬಾರದೇ ಎನ್ನುತ್ತೀಯ. ಹೋದ ಸಲ ನಿನ್ನಕ್ಕನಿಗೆ, ಮಗುವಿಗೆ ನೆಗಡಿ, ಕರೆತರಬೇಡ ಎಂದು ಇವಳೆದುರೇ ಹೇಳಿದೆ. ಈ ಮಹಾತಾಯಿ ಗುಟ್ಟಾಗಿ ಮಾತ್ರೆ ನಿಲ್ಲಿಸಿ "ಈಗ ನನ್ನ ಬೇಲಿ ಗಟ್ಟಿಯಾಗಿದೆ, ಕರ್ಕೊಂಡು ಬಾ" ಎಂದಳು. ಮಗು ನೆಟ್ಟಗೆ ಮನೆಗೆ ಹೋಯಿತು. ಗಟ್ಟಿಯಾದ ಬೇಲಿ ಮತ್ತೆ ಕಿಡ್ನಿ ಮೇಯ್ದು, ಇವಳು ಮುಖವೆಲ್ಲ ಊದಿ ಆಸ್ಪತ್ರೆ ಸೇರಿದಳು. ನಿನಗೋಸ್ಕರ ಇನ್ನೇನು ಮಾಡಿಯಾಳೋ.

ಉಗುರು ಕತ್ತರಿಸಿಕೋ. ಗುಳ್ಳೆ ಎದ್ದರೆ ಕೆರೆಯಬೇಡ, ಅಲ್ಲೇ ಡಾಕ್ಟರಿಗೆ ತೋರಿಸು. ರೂಮಿನ ಹುಡುಗನಿಗೂ ಗಂಜಿ ಕಾಯಿಸಿಕೊಡು, ಅವನೂ ಯಾರದೋ ಮಗನೇ. ನೂರು ವರ್ಷ ಬಾಳು.

ನಿನ್ನ
ಅಜ್ಜಿ

ತಾ.ಕ.: ವ್ಯಾನಿನವನು ಹಾರ್ನ್ ಹೊಡೆಯುತ್ತಿದ್ದಾನೆ. ನಾಳೆ ನಿನ್ನಮ್ಮ ಫೋನ್ ಮಾಡುತ್ತಾಳೆ. ಸಿಡುಬಿನ ಸುದ್ದಿ ಎತ್ತಬೇಡ. ರಜೆ ಇಲ್ಲ ಎಂದರೆ ನಂಬುವುದಿಲ್ಲ, ಇದೆ ಎಂದು ನೀನೇ ಬೊಗಳಿದ್ದೀಯ. "ಆ ಮುದುಕಿ ಬಾಯಿ ಇರೋ ಮನೆಗೆ ನಾನು ಕಾಲಿಡಲ್ಲ" ಎನ್ನು. ಅದನ್ನು ನಂಬದವರು ನಮ್ಮ ವಂಶದಲ್ಲೇ ಇಲ್ಲ. ಅವಳು ನನ್ನ ಜೊತೆ ಮಾತು ಬಿಡುತ್ತಾಳೆ, ಬಿಡಲಿ. ಅಳುಕದೆ ಗಟ್ಟಿಯಾಗಿ ಬೈ. ನಾನು ಪಕ್ಕದಲ್ಲೇ ಕೂತಿರುತ್ತೇನೆ, ನನಗೂ ಕೇಳಿಸಬೇಕು.