ಬೇರೆ ಬೇರೆ ಪುಟದಲ್ಲಿ ಬರೆದದ್ದು

ವಿಮಾ ಕಚೇರಿ, ಎರಡನೇ ಮಹಡಿ
ಮಂಗಳವಾರ, ಹದಿನಾಲ್ಕನೇ ತಾರೀಕು, ಬೆಳಿಗ್ಗೆ ಒಂಬತ್ತು

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಕುಕ್ಕರುಗಾಲಲ್ಲಿ ಕೂತು ಬಟ್ಟೆ ಒಗೆಯಬೇಡ ಎಂದು ಡಾಕ್ಟರು ಹೇಳಿದ್ದನ್ನು ನೀನು ಕೇಳಿರುವುದಿಲ್ಲ, ಗೊತ್ತು. ನಿನ್ನ ಚಿಕ್ಕವಳ ಹಲ್ಲು ಬಿತ್ತಂತೆ. ಅದನ್ನು ಇನ್ನೂ ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಿದ್ದಾಳೋ? ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು. ಇಲ್ಲ ಅಕ್ಕಾ, ಚೆನ್ನಾಗಿಲ್ಲ. ಮೂರು ದಿನದಿಂದ ಊಟ ಸೇರುತ್ತಿಲ್ಲ. ನಮ್ಮ ಜೀಪು ಡಿಪೋದ ವರದಿ ಹೊತ್ತು ನಿಮ್ಮ ಕಡೆಗೇ ಹೊರಡಲಿದೆ. ಡ್ರೈವರು ಪಂಕ್ಚರ್ ಹಾಕಿಸಿಕೊಂಡು ಬರುವಷ್ಟರಲ್ಲಿ ಈ ಕಾಗದ ಮುಗಿಸಿ ಅವನ ಕೈಗೆ ಕೊಡಬೇಕು.

ಶನಿವಾರ ಭಾವನ ಡಿಪೋಗೆ ಪೆಟ್ರೋಲ್ ಟ್ಯಾಂಕು ತಪಾಸಣೆಗೆ ಬಂದವನು ಮನೆಗೆ ಬಾರದೆ ಹೋದೆನೆಂದು ಮುನಿಸಿಕೊಂಡೆಯಂತೆ. ಬರಲು ಮುಖವಿರಲಿಲ್ಲ. ನಮ್ಮ ಕೆಲಸ ನಿನಗೆ ಗೊತ್ತಿಲ್ಲದ್ದೇನಲ್ಲ. ಕಂಡ ಪ್ರತಿ ಕೊರತೆಗೂ ಒಂದು ದರ್ಜೆ ಹಾಕುತ್ತೇವೆ. ಬಣ್ಣ ಎದ್ದಿದ್ದರೆ, ಬೋರ್ಡು ಮಾಸಿದ್ದರೆ ಮೂರನೇ ದರ್ಜೆ, ಮುಂದಿನ ವರ್ಷದೊಳಗೆ ಸರಿಮಾಡಿದರಾಯಿತು. ಎರಡನೆಯದಕ್ಕೆ ಮೂವತ್ತು ದಿನ. ಒಂದನೇ ದರ್ಜೆ ಬಿತ್ತೋ, ಅವತ್ತೇ ವಿಮೆ ನಿಲ್ಲುತ್ತದೆ, ಡಿಪೋಗೆ ಬೀಗ, ತಪ್ಪು ಯಾರದೋ ಅವರು ಮನೆಗೆ. ಅಲ್ಲಿ ಟ್ಯಾಂಕುಗಳೆಲ್ಲ ಭಾವನ ಜವಾಬ್ದಾರಿ.

ತಳದ ಬೆಸುಗೆಯಲ್ಲಿ ಅಂಗೈ ಅಗಲದ ಒದ್ದೆ ಕಲೆ ಇತ್ತು. ಒರೆಸಿದೆ, ಮತ್ತೆ ಒಸರಿತು. ಅದು ಎರಡನೇ ದರ್ಜೆ, ಸರಿಯೇ. ಆಮೇಲೆ ಟ್ಯಾಂಕಿನ ಸುತ್ತುಗೋಡೆಯ ಬುಡಕ್ಕೆ ಹೋದೆ. ಪೆಟ್ರೋಲ್ ಸೋರಿದರೆ ಒಳಗೇ ನಿಲ್ಲಲೆಂದು ಆ ಗೋಡೆ. ಮಳೆನೀರು ಬಿಡಲು ಅದಕ್ಕೊಂದು ವಾಲ್ವು, ಉಳಿದಂತೆ ಸದಾ ಮುಚ್ಚಿರಬೇಕು. ತೆರೆದಿತ್ತು. ಯಾರೂ ಮುಚ್ಚದಂತೆ ಹಿಡಿಗೆ ತಂತಿ ಸುತ್ತಿ ಬಿಗಿದಿದ್ದರು. ಮೂರು ಸುತ್ತು, ತುದಿ ಒಳಕ್ಕೆ ಮಡಚಿದ ಗಂಟು. ನಿಮ್ಮ ಗೇಟಿಗೆ, ಚಿಕ್ಕವಳ ಸೈಕಲ್ ಬುಟ್ಟಿಗೆ, ನನ್ನ ಹಳೇ ಟ್ರಂಕಿಗೆ ಇರುವುದೂ ಅದೇ ಗಂಟು. ಮಳೆ ಬಂದಾಗಲೆಲ್ಲ ಹೋಗಿ ನೀರು ಬಿಡುವ ತಾಪತ್ರಯ ಯಾಕೆಂದು ಭಾವ ಹಾಗೆ ಮಾಡಿದ್ದಾರೆ. ಕೆಟ್ಟ ಬುದ್ಧಿಯಿಂದಲ್ಲ.

ಆರಿಸಿದ ಒಲೆಯನ್ನು ಮೂರು ಸಲ ತಿರುಗಿ ನೋಡುತ್ತಿದ್ದೆನೆಂದು ನೀನು ನನಗೆ ಪುಕ್ಕಲ ಎಂದು ಹೆಸರಿಟ್ಟೆ. ಶನಿವಾರವೂ ಹೆದರಿದೆ, ಆದರೆ ಹೆದರಬೇಕಾದದ್ದಕ್ಕಲ್ಲ. ಭಾವನ ಕೆಲಸ ಹೋದರೆ ನೀನು ನನ್ನ ಮುಖ ನೋಡುತ್ತೀಯಾ ಎಂದು ಹೆದರಿದೆ. ಒಂದಕ್ಕೊಂದು ಕೂಡಿಕೊಳ್ಳುವ ಎರಡು ಕೊರತೆ ಒಂದೇ ಟ್ಯಾಂಕಿನಲ್ಲಿದ್ದರೆ ಎರಡೂ ಒಂದನೇ ದರ್ಜೆಗೆ ಏರುತ್ತವೆ. ಇದು ನಮ್ಮಲ್ಲಿ ಹೊಸಬರಿಗೂ ಗೊತ್ತು. ಅದಕ್ಕೇ ಒಸರುವುದನ್ನು ಟ್ಯಾಂಕಿನ ಪುಟದಲ್ಲಿ ಬರೆದೆ, ವಾಲ್ವನ್ನು ಅಂಗಳದ ಪುಟದಲ್ಲಿ. ನಡುವೆ ಆರು ಪುಟ. ಎರಡಕ್ಕೂ ಎರಡನೇ ದರ್ಜೆ. ನಮ್ಮ ಸಾಹೇಬರು ಹಾಳೆ ಮಗುಚಿ ಸಹಿ ಹಾಕಿದರು, ಅಚ್ಚುಕಟ್ಟಾಗಿದೆ ಎಂದು ಹೊಗಳಿದರು ಬೇರೆ.

ಆ ವಾಲ್ವಿನ ನೀರು ಎಲ್ಲಿಗೆ ಹೋಗುತ್ತದೆಂದು ನಿನ್ನೆ ನಕ್ಷೆ ಬಿಡಿಸಿ ಬೆರಳಿಟ್ಟು ನೋಡಿದೆ. ಡಿಪೋದ ಹಿಂದಿನ ಚರಂಡಿ, ಒಂದು ತಿರುವು, ಆಮೇಲೆ ನಿಮ್ಮ ಅಡುಗೆಮನೆ ಕಿಟಕಿಯ ಕೆಳಗೆ. ಚಿಕ್ಕವಳು ಕಾಗದದ ದೋಣಿ ಬಿಡುವುದು ಅದರಲ್ಲೇ. ಹೋದ ತಿಂಗಳು ನೀನು ಹೇಳಿದ್ದೆ, "ಚರಂಡೀಲಿ ಪೆಟ್ರೋಲ್ ವಾಸನೆ ಬರುತ್ತೆ ಕಣೋ, ಎದುರಿನ ಗ್ಯಾರೇಜಿನವನು ಏನಾದ್ರೂ ಚೆಲ್ತಾನೋ ಏನೋ." ಇದ್ದರೂ ಇರಬಹುದು ಎಂದು ನಾನೂ ತಲೆಯಾಡಿಸಿದ್ದೆ. ಟ್ಯಾಂಕುಗಳನ್ನೇ ನೋಡಿ ಹೊಟ್ಟೆ ಹೊರೆಯುವವನು!

ಭಾವನಿಗೆ ನಮಸ್ಕಾರ ಎಂದು ಬರೆಯಲು ಪೆನ್ನು ಏಳುತ್ತಿಲ್ಲ. ಚಿಕ್ಕವಳಿಗೆ ಒಂದು ಮುತ್ತು. ನೀನು ಹುಷಾರು.

ನಿನ್ನ ತಮ್ಮ,
ಪುಕ್ಕಲ

ತಾ.ಕ.: ಜೀಪು ಬಂತು. ನನ್ನಿಂದಾಗಲಿಲ್ಲ, ವರದಿಯ ಲಕೋಟೆ ಒಡೆದೆ. ಎರಡನ್ನೂ ಒಂದೇ ಪುಟಕ್ಕೆ ತಂದು ಒಂದನೇ ದರ್ಜೆ ಎಂದು ಬರೆದು ಸಾಹೇಬರ ಮುಂದಿಟ್ಟೆ. ಮೊದಲು ಯಾಕೆ ಮುಚ್ಚಿಟ್ಟೆನೆಂದೂ ಹೇಳಿದೆ. ಅವರು ಕೂಡಲೇ ಡಿಪೋಗೆ ಫೋನು ಮಾಡಿದರು. ನಿನಗೆ ನಾನು ನಾಲ್ಕು ಸಲ ಮಾಡಿದೆ, ನೀನು ಎತ್ತಲಿಲ್ಲ. ಡ್ರೈವರು ಮೊದಲು ನಿಮ್ಮ ಮನೆಗೇ ಬರುತ್ತಾನೆ. ಒಲೆ ಆರಿಸಿ ಎಂದು ಬಾಗಿಲಲ್ಲೇ ಹೇಳಲು ಹೇಳಿದ್ದೇನೆ. ಅವನು ಮರೆತಿದ್ದರೆ ಈಗಲೇ ಆರಿಸು, ಚಿಕ್ಕವಳನ್ನು ಎತ್ತಿಕೊಂಡು ಮುಂಬಾಗಿಲಿನಿಂದ ಹೊರಡು. ಭಾವ ಇವತ್ತು ಮಧ್ಯಾಹ್ನಕ್ಕೇ ಮನೆಗೆ ಬರುತ್ತಾರೆ. ಅವರ ಕೆಲಸ ಕಳೆದವನು ನಾನೇ ಎಂದು ನೀನೇ ಹೇಳಿಬಿಡು. ಆಮೇಲೆ ಜನ್ಮಪೂರ್ತಿ ನನ್ನ ಜೊತೆ ಮಾತು ಬಿಟ್ಟರೂ ಸರಿ ಅಕ್ಕಾ, ಒಲೆ ಆರಿದೆಯೋ ಎಂದು ಇನ್ನೊಂದು ಸಲ ನೋಡು.